ಹರಿಕೇನ್ ಅಂದರೆ ಕಂದೀಲು

2024ರ ಜುಲೈ 8, ಸೋಮವಾರ. ಸಂಜೆ ನಾಲ್ಕರ ಹೊತ್ತಿಗೆ ಹ್ಯೂಸ್ಟನ್‌ನಲ್ಲಿರುವ ತಮ್ಮನ ಮೆಸೇಜ್ ಬಂತು. ‘ಹರಿಕೇನ್ ಬಂತು. ಕರೆಂಟ್ ಹೋತು. ನಾವು ಆರಾಮ ಅದೀವಿ.’ ಅಲ್ಲಿ ಆಗ ನಸುಕಿನ ಐದೂವರೆ. ನಾನು ಧಾರವಾಡದ ಸಪ್ತಾಪುರದ ಮನೆಯ ಪಡಸಾಲೆಯಲ್ಲಿ ಚಹಾ ಹಿಡಿದು ಕೂತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಅವ್ವನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಜೋರಾಗಿ ಓದಿ ಹೇಳಿದೆ. ಮೆಂತೆ ಸೊಪ್ಪು ಸೋಸುತ್ತಿದ್ದ ಅವ್ವ ತಲೆ ಎತ್ತದೇ ಅಂದಳು: ‘ಚಲೋ ಆತಲ್ಲ. ಕರೆಂಟ್ ಹೋಗೂ ಹೊತ್ತಿಗೆ ಬರೋಬ್ಬರಿ ಬಂತು. ಯಾರು ತಂದುಕೊಟ್ರಂತ?’

ನನಗೆ ತಿಳಿಯಲು ಒಂದು ಗುಟುಕು ಚಹಾ ಹಿಡಿಯಿತು. ಅವ್ವನಿಗೆ ಹರಿಕೇನ್ ಅಂದರೆ ಕಂದೀಲು. ಅವಳ ತವರಿನಲ್ಲಿ ಹಾಗೇ ಅನ್ನುತ್ತಿದ್ದರು, ಹರಿಕೇನ್ ಕಂದೀಲು. ಗಾಳಿ ನೇರವಾಗಿ ಬತ್ತಿಗೆ ತಾಗದೆ ಎರಡು ಬದಿಯ ಕೊಳವೆಯಲ್ಲಿ ಸುತ್ತಿಕೊಂಡು ಬರುತ್ತದಲ್ಲ, ಅದಕ್ಕೇ ಬಿರುಗಾಳಿಗೂ ಆರುವುದಿಲ್ಲ ಅಂತ ಆ ಹೆಸರು. ನಮ್ಮ ಮನೆಯದು ಓಗಲೆವಾಡಿಯ ಪ್ರಭಾಕರ ಕಂದೀಲು, ಅಜ್ಜನ ಕಾಲದ್ದು. ಅಟ್ಟದ ಮೇಲೆ ಈಗಲೂ ಇದೆ. ಗಾಜು ಮಾತ್ರ ಇಲ್ಲ. ಸಮುದ್ರದ ಮೇಲೆ ಏಳುವ ಗಾಳಿಗೂ ಗಾಳಿಗೆ ಆರದ ದೀಪಕ್ಕೂ ಒಂದೇ ಹೆಸರು ಇಟ್ಟವರು ಯಾರೋ, ಆ ಹೆಸರಿನಲ್ಲಿ ದೀಪ ಮಾತ್ರ ನಮ್ಮೂರ ತನಕ ಬಂತು. ಗಾಳಿ ಬರಲಿಲ್ಲ.

‘ಅವ್ವಾ, ಕಂದೀಲಲ್ಲ, ಚಂಡಮಾರುತ’ ಅಂದೆ. ಅವ್ವ ಸೊಪ್ಪು ಬಿಟ್ಟು ನೆಟ್ಟಗೆ ಕೂತಳು. ಮೂರು ಪ್ರಶ್ನೆ ಕೇಳಿದಳು. ‘ನೀರು ತುಂಬಿಟ್ಟಾರೇನು? ಅಡಿಗಿ ಹೆಂಗ ಮಾಡ್ತಾರ? ಮೀನ ಹೆಂಗ ಅದಾವು?’ ಮೂರನೇದಕ್ಕೆ ನಾನು ನಕ್ಕೆ. ಊರೇ ಕತ್ತಲಾಗಿರುವಾಗ ಮೀನಂತೆ. ಅವಳ ಪ್ರಶ್ನೆಗಳನ್ನು ಕಳಿಸಲೂ ಇಲ್ಲ. ನಾನು ಬರೆದದ್ದು ಇದು: ‘ಕರೆಂಟ್ ಇಲ್ಲ ಅಂದ್ರೆ ಮಜಾನೇ ಬಿಡು. ಮಗಳಿಗೆ ಚೌಕಾಬಾರಾ ಕಲಿಸು. ನೆನಪೈತಿಲ್ಲೋ ಅಡ್ಡಮಳಿ ರಾತ್ರಿ?’ ಕೊನೆಗೊಂದು ನಗುಮುಖ.

ಉತ್ತರ ರಾತ್ರಿ ಒಂದಕ್ಕೆ ಬಂತು. ‘ಅಕ್ಕಾ, ಚಾರ್ಜ್ ಒಂಬತ್ತು ಪರ್ಸೆಂಟ್ ಐತಿ. ಮೀನಿಗೆ ನೀರು ಎತ್ತಿ ಹಾಕಾಕತ್ತೀನಿ.’

ಅಷ್ಟೇ. ನಗುಮುಖ ಇಲ್ಲ. ಆ ಮೆಸೇಜು ನನ್ನನ್ನು ಎಷ್ಟು ದಿನ ಕೊರೆಯಿತು ಅಂದರೆ, ಕೊನೆಗೆ ಕೂತು ಬರೆಯುವುದೇ ವಾಸಿ ಅನ್ನಿಸಿತು.

ಮಗ್ಗಿನಲ್ಲಿ ಎತ್ತಿ ಸುರಿದದ್ದು

ಆ ಚಂಡಮಾರುತದ ಹೆಸರು ಬೆರಿಲ್. ಜುಲೈ 1ಕ್ಕೆ ಗ್ರೆನಡಾ ದೇಶದ ಕ್ಯಾರಿಯಾಕೂ ದ್ವೀಪವನ್ನು ಬಡಿದು, 2ಕ್ಕೆ ಐದನೇ ದರ್ಜೆಗೆ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಗೆ ಏರಿತ್ತು. ಅಟ್ಲಾಂಟಿಕ್‌ನಲ್ಲಿ ವರ್ಷದಲ್ಲಿ ಅಷ್ಟು ಬೇಗ ಐದನೇ ದರ್ಜೆ ಮುಟ್ಟಿದ ಇನ್ನೊಂದು ಚಂಡಮಾರುತ ದಾಖಲೆಯಲ್ಲಿ ಇರಲಿಲ್ಲ. ಜಮೈಕಾ, ಮೆಕ್ಸಿಕೋ ಸುತ್ತಿ ಟೆಕ್ಸಸ್ ದಂಡೆಗೆ ಬರುವಷ್ಟರಲ್ಲಿ ಸೊರಗಿ ಒಂದನೇ ದರ್ಜೆಗೆ ಇಳಿದಿತ್ತು. ಗಂಟೆಗೆ ಸುಮಾರು 130 ಕಿಲೋಮೀಟರ್ ಗಾಳಿ ಅಂತ ಆಗಿನ ಲೆಕ್ಕ. ಒಂದನೇ ದರ್ಜೆ ತಾನೇ ಅಂತ ತಮ್ಮನೂ ಸಡಿಲ ಬಿಟ್ಟಿದ್ದ. ಅವನ ಹೆಂಡತಿ ಮಾತ್ರ ಹಿಂದಿನ ದಿನವೇ ಕರಿಬೇವಿನ ಕುಂಡಗಳನ್ನೆಲ್ಲ ಗ್ಯಾರೇಜಿಗೆ ಎಳೆದು ಇಟ್ಟಿದ್ದಳಂತೆ. ಏಳು ವರ್ಷದ ಗಿಡ ಅದು, ಆಳೆತ್ತರ. ಮನೆಗೆ ಯಾರೇ ಬರಲಿ, ಮೊದಲು ಅದರ ದರ್ಶನ ಆಗಬೇಕು.

ಮರಗಳು ತಂತಿಯ ಮೇಲೆ ಬಿದ್ದು ಹ್ಯೂಸ್ಟನ್ ಸುತ್ತಮುತ್ತ 22 ಲಕ್ಷಕ್ಕೂ ಹೆಚ್ಚು ಕನೆಕ್ಷನ್ ಹೋದವು. ಮೇ 16ರ ಬಿರುಗಾಳಿಗೆ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಎಲ್ಲಿ ಕರೆಂಟ್ ಇದೆ, ಎಲ್ಲಿ ಇಲ್ಲ ಅಂತ ತೋರಿಸಬೇಕಾದ ಕರೆಂಟ್ ಕಂಪನಿಯ ನಕ್ಷೆ ಆಗಲೇ ಕೆಟ್ಟು ಕೂತಿತ್ತು. ಹಾಗಾಗಿ ಜನ ಒಂದು ಬರ್ಗರ್ ಅಂಗಡಿಯ ಆ್ಯಪ್ ತೆಗೆದು ನೋಡಿದರು. ಅದರ ನಕ್ಷೆಯಲ್ಲಿ ಅಂಗಡಿ ಕಿತ್ತಳೆ ಬಣ್ಣ ಇದ್ದರೆ ತೆರೆದಿದೆ, ಅಂದರೆ ಆ ಓಣಿಯಲ್ಲಿ ಕರೆಂಟ್ ಇದೆ. ಬೂದು ಬಣ್ಣ ಇದ್ದರೆ ಇಲ್ಲ. ಇದು ತಮಾಷೆಗೆ ಹೇಳುತ್ತಿರುವುದಲ್ಲ, ಊರಿಗೆ ಊರೇ ಹಾಗೆ ಮಾಡಿತು. ತಮ್ಮನೂ ಅದನ್ನೇ ನೋಡಿಕೊಂಡು ಕಾರು ಓಡಿಸಿ, ಫೋನ್ ಚಾರ್ಜ್ ಮಾಡಿಕೊಂಡು, ಐಸ್ ಸಿಕ್ಕರೆ ತರುತ್ತಿದ್ದ.

ನಮ್ಮಲ್ಲಿ ಕರೆಂಟ್ ಹೋದರೆ ಬಲ್ಬು ಹೋಗುತ್ತದೆ. ಅವನಲ್ಲಿ ಮನೆಯೇ ಹೋಗುತ್ತದೆ. ಒಲೆ ಕರೆಂಟಿನದು. ಕಿಟಕಿಗಳು ತೆರೆಯುತ್ತವೆ, ಆದರೆ ಎದುರಿಗೆ ಇನ್ನೊಂದು ಕಿಟಕಿ ಇಲ್ಲ, ಗಾಳಿ ಆಡುವುದಿಲ್ಲ. ಎ.ಸಿ. ಇರುತ್ತದೆ ಅಂತಲೇ ಕಟ್ಟಿದ ಮನೆ. ಹೊರಗೆ 35 ಡಿಗ್ರಿ, ಒಳಗೆ ಅದಕ್ಕಿಂತ ಜಾಸ್ತಿ ಅನ್ನಿಸುವ ಸೆಕೆ. ಫ್ರೀಜರಿನಲ್ಲಿದ್ದ ತೆಂಗಿನತುರಿ, ಪರೋಟ, ನಾಲ್ಕು ತಿಂಗಳ ಹಿಂದೆ ಅವ್ವ ಕಳಿಸಿದ್ದ ಹೋಳಿಗೆ, ಎಲ್ಲ ಹಿತ್ತಲ ಗ್ರಿಲ್ ಮೇಲೆ ಬಿಸಿ ಮಾಡಿ ಅಕ್ಕಪಕ್ಕದವರಿಗೂ ಹಂಚಿದರು. ಎದುರುಮನೆಯ ಮೆಕ್ಸಿಕನ್ ಅಜ್ಜಿ ಹೋಳಿಗೆಯ ಒಳಗೆ ಏನಿದೆ ಅಂತ ಎರಡೆರಡು ಸಲ ಕೇಳಿದಳಂತೆ. ಕಡಲೆಬೇಳೆ ಅಂದರೆ ನಂಬಲಿಲ್ಲ.

ಇನ್ನು ಮೀನು. ತಮ್ಮನಿಗೆ ಇನ್ನೂರು ಲೀಟರಿನ ಗಾಜಿನ ತೊಟ್ಟಿ ಇದೆ. ಏಂಜೆಲ್, ಟೆಟ್ರಾ, ತಳದಲ್ಲಿ ಒಂದು ಮುದಿ ಪ್ಲೆಕೊ, ಎಲ್ಲ ಸೇರಿ ಹತ್ತೊಂಬತ್ತು. ಚಿಕ್ಕವನಿದ್ದಾಗ ಕೆಲಗೇರಿ ಕೆರೆಯಿಂದ ಬಾಟಲಿಯಲ್ಲಿ ಮರಿಮೀನು ತಂದು ಹಿತ್ತಲಿನ ಕಲ್ಲಿನ ಡೋಣಿಗೆ ಬಿಡುತ್ತಿದ್ದ. ಆ ಮೀನುಗಳಿಗೆ ಏನೂ ಬೇಕಿರಲಿಲ್ಲ, ಸೊಳ್ಳೆಮರಿ ತಿಂದು ಇರುತ್ತಿದ್ದವು. ಈಗಿನವು ಹಾಗಲ್ಲ. ನೀರು ತಿರುಗುತ್ತಿರಬೇಕು. ಪಂಪ್ ನಿಂತರೆ ಗಾಳಿ ಬೆರೆಯುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. ಫಿಲ್ಟರಿನಲ್ಲಿ ಹೊಲಸು ತಿನ್ನುವ ಬ್ಯಾಕ್ಟೀರಿಯಾಗಳೂ ನೀರು ಹರಿಯದಿದ್ದರೆ ಸಾಯುತ್ತವೆ. ಹಾಗಾಗಿ ತಮ್ಮ ಒಂದು ಮಗ್ ಹಿಡಿದು ತೊಟ್ಟಿಯ ನೀರನ್ನೇ ಎತ್ತುವುದು, ಒಂದು ಗೇಣು ಮೇಲಿಂದ ಸುರಿಯುವುದು, ಎತ್ತುವುದು, ಸುರಿಯುವುದು. ಅರ್ಧ ಗಂಟೆಗೊಮ್ಮೆ ಇಪ್ಪತ್ತೈದು ಮಗ್. ರಾತ್ರಿಯೂ ಅಲಾರಾಂ ಇಟ್ಟುಕೊಂಡು. ಒಂಬತ್ತು ವರ್ಷದ ಮಗಳು ಹಗಲಿನ ಪಾಳಿ ತಗೊಂಡಳು. ಆರನೇ ದಿನ ಕರೆಂಟ್ ಬಂದಾಗ ಹನ್ನೆರಡು ಉಳಿದಿದ್ದವು. ಏಂಜೆಲ್‌ಗಳೇ ಮೊದಲು ಹೋದವು.

ಇಂಥವನಿಗೆ ನಾನು ‘ಮಜಾನೇ ಬಿಡು’ ಅಂತ ಬರೆದಿದ್ದೆ.

ಕತ್ತಲೆಯ ಹೊಗಳಿಕೆ

ನಾನು ಹಾಗೆ ಬರೆದದ್ದಕ್ಕೆ ಹಿನ್ನೆಲೆ ಇದೆ. 2021ರ ಮೇ ತಿಂಗಳು, ಲಾಕ್‌ಡೌನ್, ತೌಕ್ತೆ ಚಂಡಮಾರುತ. ಆ ಹೆಸರು ಮ್ಯಾನ್ಮಾರ್ ಕೊಟ್ಟದ್ದು, ಗೌಳಿ ಅಂತ ಅರ್ಥವಂತೆ. ಗೌಳಿ ಹಾಗೇ ಗೋಡೆಗೆ ಅಂಟಿಕೊಂಡಂತೆ ಪಶ್ಚಿಮ ಕರಾವಳಿಗುಂಟ ಹರಿದು ಹೋಗಿ 17ರ ರಾತ್ರಿ ಗುಜರಾತಿಗೆ ಬಡಿಯಿತು. ನಮಗೂ ಕಾರವಾರದ ಕಡಲಿಗೂ ನಡುವೆ ನೂರೈವತ್ತು ಕಿಲೋಮೀಟರ್ ದೂರ, ಜೊತೆಗೆ ಘಟ್ಟ. ಹಾಗಾಗಿ ಧಾರವಾಡಕ್ಕೆ ಸಿಕ್ಕಿದ್ದು ಅದರ ಸೆರಗು ಮಾತ್ರ. ಒಂದು ರಾತ್ರಿ ಗಾಳಿ, ಮಳೆ, ಓಣಿಯ ಕೊನೆಯ ಗುಲ್‌ಮೊಹರ್ ಅಡ್ಡ ಬಿದ್ದು ಕರೆಂಟ್ ಇಲ್ಲ. ಇನ್ವರ್ಟರ್ ಹನ್ನೊಂದಕ್ಕೆ ಕೂಗಿ ಸುಮ್ಮನಾಯಿತು. ಮಗನ ಫೋನ್ ಆರಿತು. ನಮ್ಮವರು ದಿನಾ ರಾತ್ರಿ ಚೆಸ್ ಆಡುವುದು ಯಾವುದೋ ದೇಶದ ಯಾರದೋ ಜೊತೆ, ಅದೂ ನಿಂತಿತು. ಇಬ್ಬರೂ ಮೇಣದಬತ್ತಿ ಇಟ್ಟುಕೊಂಡು ಧೂಳು ಹಿಡಿದ ಬೋರ್ಡ್ ಮೇಲೆ ಒಂದು ಆಟ ಆಡಿದರು. ಮಗ ಸೋತ. ಮರುದಿನ ಕರೆಂಟ್ ಬಂದ ಮೇಲೆ ಮತ್ತೆಂದೂ ಆ ಬೋರ್ಡ್ ತೆಗೆಯಲಿಲ್ಲ ಅನ್ನುವುದು ಬೇರೆ ಮಾತು.

ಅದನ್ನು ನೋಡಿ ನಾನು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಉದ್ದಕ್ಕೆ ಒಂದು ಬರೆದೆ. ಆಗಿನ ಕಾಲದಲ್ಲಿ ಕರೆಂಟ್ ಹೋದರೆ ಹೇಗೆ ಎಲ್ಲರೂ ಪಡಸಾಲೆಗೆ ಬರುತ್ತಿದ್ದೆವು, ಅಪ್ಪನ ಪೇಟಿ ಅಂದರೆ ಹಾರ್ಮೋನಿಯಂ, ನಮ್ಮ ಚೌಕಾಬಾರಾ, ಒಂದೇ ಕಂದೀಲಿನ ಸುತ್ತ ಹತ್ತು ಮುಖ. ಇಂಥ ಬರಹ ನೀವೂ ಓದಿರುತ್ತೀರಿ. ವರ್ಷಕ್ಕೊಮ್ಮೆ ಯಾರಾದರೂ ಬರೆಯುತ್ತಾರೆ. ಬರೆಯುವವರು ಎಲ್ಲರೂ ಆಗ ಮಕ್ಕಳಾಗಿದ್ದವರೇ, ಅಲ್ವಾ? ಗ್ರೂಪಿನಲ್ಲಿ ಹೆಬ್ಬೆಟ್ಟುಗಳ ಸುರಿಮಳೆ. ತಮ್ಮ ‘ಕಣ್ಣಾಗ ನೀರು ಬಂತು ಅಕ್ಕಾ’ ಅಂತ ಬರೆದಿದ್ದ. ಅವ್ವನಿಗೂ ಓದಿ ಹೇಳಿದ್ದೆ. ‘ಹೂಂ, ಚಲೋ ಬರದಿ’ ಅಂದು ಒಳಗೆ ಹೋಗಿದ್ದಳು.

ಬೆರಿಲ್ ಬಂದು ಹೋದ ಮೇಲೆ ಆ ‘ಹೂಂ’ ಅನ್ನುವುದು ಮತ್ತೆ ಕೇಳಿಸತೊಡಗಿತು. ಮೀನು ಹೆಂಗ ಅದಾವು ಅಂತ ಕೇಳಬೇಕು ಅಂತ ಅವಳಿಗೆ ಹೊಳೆಯಿತು, ನನಗೆ ಹೊಳೆಯಲಿಲ್ಲ. ಯಾಕೆ?

ಕಂದೀಲು ಯಾವ ಕಡೆ

ನಾನು ಏಳನೇ ಇಯತ್ತೆ ಮುಗಿಸಿದ ಸೂಟಿ, 1995ರ ಮೇ. ಒಂದು ಸೋಮವಾರ ಸಂಜೆ ಅಡ್ಡಮಳೆ ಬಂತು. ಮೊದಲು ಕೆಂಪು ಧೂಳು, ಆಮೇಲೆ ಆಣಿಕಲ್ಲು. ನಾನು, ತಮ್ಮ ಬುಟ್ಟಿ ಹಿಡಿದು ಹಿತ್ತಲಿಗೆ ಓಡಿ ಬಿದ್ದ ಆಪೂಸ್ ಕಾಯಿ ಆರಿಸಿದೆವು. ಕಂಬ ಬಿದ್ದು ಮೂರು ರಾತ್ರಿ ಕರೆಂಟ್ ಬರಲಿಲ್ಲ. ಎರಡನೇ ರಾತ್ರಿಯೇ ನನ್ನ ಬರಹದ ರಾತ್ರಿ.

ಅಪ್ಪ ಬ್ಯಾಂಕಿನಲ್ಲಿ ಕ್ಲರ್ಕ್. ಅವನ ಹವ್ಯಾಸ ಪೇಟಿ. ಧಾರವಾಡದಲ್ಲಿ ಹಾರ್ಮೋನಿಯಂ ಅನ್ನುವವರು ಕಡಿಮೆ, ಪೇಟಿಯೇ. ಮಲ್ಲಿಕಾರ್ಜುನ ಮನ್ಸೂರರ ಕಛೇರಿ ಎಲ್ಲೇ ಇದ್ದರೂ ಸೈಕಲ್ ಹತ್ತುತ್ತಿದ್ದವನು. ಮನ್ಸೂರರು 1992ರಲ್ಲಿ ತೀರಿಕೊಂಡಾಗ ಎರಡು ದಿನ ಪೇಟಿ ಮುಟ್ಟಲಿಲ್ಲ. ಪೇಟಿಗೆ ಕರೆಂಟ್ ಬೇಕಿಲ್ಲ, ಗಾಳಿ ಸಾಕು. ಹಾಗಾಗಿ ಕರೆಂಟ್ ಹೋದರೆ ಅಪ್ಪನಿಗೆ ಹಬ್ಬ. ರೇಡಿಯೋ ಇಲ್ಲ, ಟಿವಿ ಇಲ್ಲ, ಓಣಿಯವರೆಲ್ಲ ಕಟ್ಟೆಗೆ ಬರುತ್ತಾರೆ, ಕೇಳುವ ಕಿವಿಗಳು ತಾವಾಗಿಯೇ ಸಿಗುತ್ತವೆ. ಆ ರಾತ್ರಿ ಹತ್ತು ಹನ್ನೆರಡು ಜನ ಇದ್ದರು. ಪಕ್ಕದ ಮನೆಯ ಮಾಸ್ತರರು ವಚನದ ಪುಸ್ತಕ ಹಿಡಿದು ಹಾಡಲು ಕೂತರು. ನಾವು ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರಾ ಗೆರೆ ಎಳೆದು ಕವಡೆ ಉರುಳಿಸುತ್ತಿದ್ದೆವು.

ಅವ್ವ ಒಳಗೆ ನಡುಮನೆಯಲ್ಲಿ ಇದ್ದಳು. ಗುರುವಾರ ಚಿಕ್ಕವ್ವನ ಕುಬಸ, ಅಂದರೆ ಸೀಮಂತ. ಅದಕ್ಕೆ ಕೊಡುವ ಚಂದ್ರಕಾಳಿ ಸೀರೆಗೆ ಕಸೂತಿ ಮುಗಿದಿರಲಿಲ್ಲ, ಸೆರಗಿನ ಗೋಪುರಗಳ ಸಾಲು ಬಾಕಿ. ಕಸೂತಿಗೆ ಅಚ್ಚು ಇಲ್ಲ, ಗೆರೆ ಇಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ. ಗವಂತಿ ಅನ್ನುವ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಿಕೊಂಡು ಬರಬೇಕು, ಮುಂದೂ ಹಿಂದೂ ಒಂದೇ ಥರ ಕಾಣಬೇಕು, ಎಲ್ಲೂ ಗಂಟು ಇರಬಾರದು. ಹೋಗುವಾಗ ಒಂದು ಎಳೆ ತಪ್ಪಿದರೆ ಬರುವಾಗ ಎಲ್ಲ ತಪ್ಪುತ್ತದೆ. ಅದೂ ಕರಿ ರೇಷ್ಮೆ. ಹಗಲಲ್ಲೇ ಎಳೆ ಕಾಣುವುದು ಕಷ್ಟ. ಅವ್ವ ಕಂದೀಲನ್ನು ತೊಡೆಗೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಬಟ್ಟೆಯನ್ನು ಕಣ್ಣಿಗೆ ಹಿಡಿದು, ಬೆರಳ ಉಗುರಿನಿಂದ ಎಳೆ ಎಳೆ ಸರಿಸುತ್ತ ತುಟಿಯಲ್ಲೇ ಎಣಿಸುತ್ತಿದ್ದಳು. ಚಿಮಣಿ ಎಣ್ಣೆ ಒಂದೇ ಕಂದೀಲಿಗೆ ಆಗುವಷ್ಟು ಇತ್ತು.

ಪಡಸಾಲೆಯಿಂದ ಅಪ್ಪ ಕೂಗಿದ: ‘ಆ ಕಂದೀಲ ಇತ್ತಾಗ ತರ್ರಿ. ಮಾಸ್ತರಿಗೆ ಅಕ್ಷರ ಕಾಣವಲ್ದು.’

ಎದ್ದು ಹೋದವಳು ನಾನು. ಅವ್ವನ ತೊಡೆಯ ಹತ್ತಿರದಿಂದ ಕಂದೀಲು ಎತ್ತಿಕೊಂಡೆ. ಅವಳು ‘ತಡಿ’ ಅಂದಳು. ಹೊಲಿಗೆ ಒಂದು ಮುಗಿಸಿದಳು, ಸೂಜಿಯನ್ನು ಸೆರಗಿಗೆ ಚುಚ್ಚಿದಳು, ‘ಹೂಂ, ತಗೊಂಡ ಹೋಗ’ ಅಂದಳು. ನಾನು ದೀಪ ಹಿಡಿದು ಪಡಸಾಲೆಗೆ ಬಂದಾಗ ಎಲ್ಲರೂ ಹೋ ಅಂದರು. ಆ ಹೋ ಅಂದದ್ದು ನನಗೆ ಇವತ್ತಿಗೂ ನೆನಪಿದೆ, ದೊಡ್ಡ ಕೆಲಸ ಮಾಡಿದವಳ ಹಾಗೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿಂದ ಸ್ಟೋವ್ ಪಂಪ್ ಹೊಡೆಯುವ ಸದ್ದು. ಕತ್ತಲಲ್ಲೇ ಹತ್ತು ಜನಕ್ಕೆ ಚಹಾ. ಮರುದಿನ ನಸುಕಿನಲ್ಲಿ ನಾನು ಎದ್ದಾಗ ಅವ್ವ ಕಿಟಕಿಯ ಕಟ್ಟೆಯ ಮೇಲೆ ಸೀರೆ ಹರವಿಕೊಂಡು ಕೂತಿದ್ದಳು, ಸೂರ್ಯ ಇನ್ನೂ ಬಂದಿರಲಿಲ್ಲ.

ಇಷ್ಟೂ ನನಗೆ ಗೊತ್ತಿದ್ದದ್ದೇ. ಮರೆತಿರಲಿಲ್ಲ. ಆದರೆ ‘ಹತ್ತು ಮುಖ’ ಅಂತ ಬರೆಯುವಾಗ ಎಣಿಸಿರಲಿಲ್ಲ, ಅವ್ವನದು ಅದರಲ್ಲಿ ಇತ್ತಾ ಅಂತ. ಇನ್ನೊಂದು ಮಾತು. ಅಪ್ಪನ ಪೇಟಿಗೆ ಎಲ್ಲರೂ ಹವ್ಯಾಸ ಅನ್ನುತ್ತಿದ್ದರು. ಅವ್ವನ ಕಸೂತಿಗೆ ಯಾರೂ ಹಾಗೆ ಅಂದದ್ದು ಕೇಳಿಲ್ಲ. ‘ಆಕಿ ಸುಮ್ನ ಕೂಡಂಗಿಲ್ಲ ನೋಡ್ರಿ’ ಅನ್ನುತ್ತಿದ್ದರು, ಅಷ್ಟೇ. ಅಪ್ಪನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಆ ರಾತ್ರಿ ಅವನು ಚೆನ್ನಾಗಿಯೇ ನುಡಿಸಿದ. ಕೊನೆಗೆ ಭೈರವಿ ಮುಗಿದ ಮೇಲೆ ಯಾರಿಗೂ ಎದ್ದು ಹೋಗಲು ಮನಸ್ಸಿರಲಿಲ್ಲ. ಅದೂ ನಿಜ.

2024ರ ದೀಪಾವಳಿಗೆ ಹಾವೇರಿಗೆ ಹೋಗಿದ್ದೆ, ಚಿಕ್ಕವ್ವನ ಮಗಳ ಮನೆಗೆ. ಆ ಕುಬಸದಲ್ಲಿ ಹೊಟ್ಟೆಯಲ್ಲಿದ್ದವಳೇ ಇವಳು. ಟ್ರಂಕಿನಿಂದ ಚಂದ್ರಕಾಳಿ ತೆಗೆದು ‘ದೊಡ್ಡವ್ವ ಹಾಕಿದ್ದು, ನೋಡ ಅಕ್ಕಾ’ ಅಂತ ಹಾಸಿಗೆಯ ಮೇಲೆ ಬಿಚ್ಚಿದಳು. ಗೋಪುರಗಳ ಸಾಲಿನ ಮೇಲೆ ಬೆರಳು ಇಟ್ಟು ಹೋದೆ. ಒಂದರ ಕಳಸ ಒಂದೆಳೆ ಬಲಕ್ಕೆ ಸರಿದಿತ್ತು. ಹುಡುಕಿದರೆ ಮಾತ್ರ ಕಾಣುವಷ್ಟು. ಊರಿಗೆ ಬಂದು ಅವ್ವನಿಗೆ ಹೇಳಿದೆ, ‘ಒಂದು ಗೋಪುರ ಸ್ವಲ್ಪ ಸೊಟ್ಟ ಐತಲ್ಲ’ ಅಂತ.

‘ಗೊತ್ತೈತಿ’ ಅಂದಳು. ‘ಎಡಗಡಿಂದ ಮೂರನೇದ್ದು.’

ಯಾವ ಪಾಯಿಂಟಿಗೆ?

ಇನ್ವರ್ಟರ್ ಹಾಕಿಸಿದ ದಿನ ಎಲೆಕ್ಟ್ರಿಶಿಯನ್ ಕೇಳಿದ್ದ, ‘ಯಾವ್ಯಾವ ಪಾಯಿಂಟಿಗೆ ಕೊಡ್ಲಿ ಅಕ್ಕಾರ?’ ನಾನು ಹೇಳಿದ್ದೆ: ಪಡಸಾಲೆಯ ಲೈಟು, ಫ್ಯಾನು, ಟಿವಿ, ಮಗ ಓದುವ ಟೇಬಲ್. ಆಮೇಲೆ ವೈಫೈ ಬಂತು, ಅದಕ್ಕೂ. ನಡುಮನೆಯ ಮೂಲೆಯಲ್ಲಿ ಅವ್ವನ ಕುರ್ಚಿ, ಅದರ ತಲೆಯ ಮೇಲೆ ಒಂದು ಬಲ್ಬು. ಅದು ಲೆಕ್ಕಕ್ಕೆ ಬರಲೇ ಇಲ್ಲ. ಅಡುಗೆಮನೆಯೂ ಇಲ್ಲ. ವಾರಕ್ಕೊಮ್ಮೆ ನಳ ಬರುವ ಹೊತ್ತಿಗೆ ಕರೆಂಟ್ ಹೋದರೆ ಅವ್ವ ಫೋನಿನ ಟಾರ್ಚನ್ನು ಡಬ್ಬಿಗೆ ಆನಿಸಿ ಇಟ್ಟು ಕೊಡ ತುಂಬುತ್ತಿದ್ದಳು. ಅದನ್ನು ಪ್ರತಿ ಸಲ ನೋಡಿಯೂ ನೋಡಿರಲಿಲ್ಲ.

ಹಾವೇರಿಯಿಂದ ಬಂದ ವಾರ ಅದೇ ಎಲೆಕ್ಟ್ರಿಶಿಯನ್‌ಗೆ ಫೋನ್ ಮಾಡಿದೆ. ಮೂರು ಸಲ ‘ನಾಳೆ ಬರ್ತೀನ್ರಿ’ ಅಂದ ಮೇಲೆ ಒಂದು ಬುಧವಾರ ಬಂದ. ನಡುಮನೆಯ ಮೂಲೆ ತೋರಿಸಿದೆ. ಅವ್ವ ಕುರ್ಚಿಯಿಂದ ಏಳದೆ ಅವನನ್ನೇ ನೋಡುತ್ತ, ‘ಇಷ್ಟು ವರ್ಷ ಆತು, ಈಗ್ಯಾಕ?’ ಅಂದಳು. ಕಣ್ಣಿನ ಪರೆ ತೆಗೆಸಿ ಎರಡು ವರ್ಷ ಆಗಿದೆ. ಈಗ ಅವಳು ಹಾಕುವುದು ಮ್ಯಾಟಿ ಬಟ್ಟೆಯ ಮೇಲೆ ದಪ್ಪ ದಾರ, ಅದೂ ಹಗಲಲ್ಲಿ ಮಾತ್ರ. ಆಮೇಲೆ ನನ್ನ ಕಡೆ ತಿರುಗದೇ ಅವನಿಗೇ ಹೇಳಿದಳು: ‘ಹಾಕೂದಾದ್ರ ಸಿಂಕಿನ ಮ್ಯಾಲೂ ಒಂದು ಹಾಕಪಾ.’ ಅವನು ‘ಒಂದ ವೈರ್‌ನ್ಯಾಗ ಎರಡೂ ಆಗ್ತಾವ ಬಿಡ್ರಿ ಅಜ್ಜಿ’ ಅಂದ.

ಕೆಲಸ ಮುಗಿಯುವಾಗ ಹೊತ್ತು ಮುಳುಗಿತ್ತು. ಪರೀಕ್ಷೆ ಮಾಡಲು ಅವನು ಮೇನ್ ಆಫ್ ಮಾಡಿದ. ಮನೆ ಪೂರ್ತಿ ಒಂದು ಕ್ಷಣ ಕತ್ತಲು. ಇನ್ವರ್ಟರ್ ಟಿಕ್ ಅಂದಿತು. ಮೂಲೆಯ ಬಲ್ಬು ಹತ್ತಿತು. ಈ ಸಲ ಒಳ್ಳೆ ಬಿಳಿ ಎಲ್‌ಇಡಿ ಹಾಕಿದ್ದ. ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಅವಳು ತಲೆ ಎತ್ತಿ ಬಲ್ಬು ನೋಡಿದಳು, ಆಮೇಲೆ ಗೋಡೆ ನೋಡಿದಳು, ಆಮೇಲೆ ಮೇಲಿನ ಸಂದಿ ನೋಡಿದಳು.

‘ಅಯ್ಯ ಶಿವನ, ಗ್ವಾಡಿಗೆ ಎಷ್ಟ ಜ್ಯಾಡ ಕಟ್ಟೇತಿ ನೋಡ’ ಅಂದು ಕಸಬರಿಗೆ ತರಲು ಎದ್ದಳು.